ಕರೆಂಟಿಗೆ ಉಳಿತಾಯ ಖಾತೆ ಇಲ್ಲ

ಸಂಕ್ರಾಂತಿ ಮುಗಿದ ವಾರ ಮೊಮ್ಮಗಳನ್ನು ಕರೆದುಕೊಂಡು ಮಾಗಡಿಗೆ ಹೋಗಿದ್ದೆ. ಗದಗದಿಂದ ಲಕ್ಷ್ಮೇಶ್ವರದ ದಾರಿ ಹಿಡಿದರೆ ಸುಮಾರು 26 ಕಿ.ಮೀ. ದೂರದಲ್ಲಿದೆ ನಮ್ಮ ಈ ಊರು. ನಾನು ಹುಟ್ಟಿದ್ದು ಅಲ್ಲಿಯೇ. ತಮ್ಮ ಈಗಲೂ ಅಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾನೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾಗಿ, ಬೆಟಗೇರಿಯಲ್ಲಿ ಉಳಿದುಬಿಟ್ಟೆ.

ಮೊಮ್ಮಗಳು ಏಳನೇ ತರಗತಿ. ಹಕ್ಕಿ ನೋಡಬೇಕೆಂದು ಹಟ ಹಿಡಿದಿದ್ದಳು. ಬೆಳಗ್ಗೆ ಏಳರ ಹೊತ್ತಿಗೆ ಕೆರೆಯ ಒಡ್ಡಿನ ಮೇಲೆ ನಿಂತೆವು. ರಾತ್ರಿಯೆಲ್ಲ ಹೊಲಗಳಲ್ಲಿ ಮೇಯ್ದ ಪಟ್ಟೆತಲೆ ಹೆಬ್ಬಾತುಗಳು ಗುಂಪು ಗುಂಪಾಗಿ ಬಂದು ನೀರಿಗೆ ಇಳಿಯುತ್ತಿದ್ದವು. ಬಿಳಿ ತಲೆಯ ಮೇಲೆ ಎರಡು ಕರಿ ಗೆರೆ, ಯಾರೋ ಕಾಡಿಗೆಯಿಂದ ಎಳೆದ ಹಾಗೆ. ಮಂಗೋಲಿಯಾ, ಟಿಬೆಟ್‌ಗಳ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ ಅದು. ನವೆಂಬರಿನಲ್ಲಿ ಬಂದರೆ ಮಾರ್ಚ್ ಹೊತ್ತಿಗೆ ವಾಪಸು.

ಮಕ್ಕಳೇ, ಒಂದು ವಿಷಯ ಗೊತ್ತಿರಲಿ. ಮಾಗಡಿ ಕೆರೆ ಮನುಷ್ಯರು ಕಟ್ಟಿದ ಕೆರೆ. ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲು ಹಿರಿಯರು ಕಟ್ಟಿದ್ದು. ವಿಸ್ತೀರ್ಣ ಸುಮಾರು 50 ಹೆಕ್ಟೇರ್. ಇಲ್ಲಿ 166 ಜಾತಿಯ ಹಕ್ಕಿಗಳನ್ನು ಗುರುತಿಸಿದ್ದಾರೆ, ಅದರಲ್ಲಿ 130 ವಲಸೆ ಬರುವಂಥವು. ಚಳಿಗಾಲದಲ್ಲಿ ಎಂಟು ಸಾವಿರದಷ್ಟು ಹಕ್ಕಿಗಳು ಸೇರುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಜಗತ್ತು ಕಾಪಾಡಲೇಬೇಕಾದ ಜೌಗುಪ್ರದೇಶಗಳ ಪಟ್ಟಿ ಅದು. ನಾವು ಎಮ್ಮೆ ಮೈ ತೊಳೆದ ಕೆರೆಗೆ ಇಷ್ಟು ದೊಡ್ಡ ಹೆಸರು ಬಂತಲ್ಲ ಎಂದು ನನಗೆ ಈಗಲೂ ಆಶ್ಚರ್ಯ.

ಹಕ್ಕಿ ನೋಡಿ ಮುಗಿಯುವಷ್ಟರಲ್ಲಿ ಮೊಮ್ಮಗಳ ಕಣ್ಣು ಬೇರೆ ಕಡೆ ಹೋಯಿತು. ದೂರದ ದಿನ್ನೆಯ ಮೇಲೆ ಗಾಳಿ ಫ್ಯಾನುಗಳು ಸುಮ್ಮನೆ ನಿಂತಿದ್ದವು.

"ಅಜ್ಜಾ, ಆ ಫ್ಯಾನ್ ಯಾಕ ತಿರಗವಲ್ವು?"

"ಗಾಳಿ ಇಲ್ಲಲ್ಲವಾ, ಅದಕ್ಕ."

"ಗಾಳಿ ಇಲ್ಲಂದ್ರ ನಮ್ಮನ್ಯಾಗ ಲೈಟ್ ಹೆಂಗ ಹತ್ತತಾವು ಮತ್ತ?"

ಈ ಪ್ರಶ್ನೆಗೆ ಕಾರಣವಿತ್ತು. ಅವಳ ಶಾಲೆಯಲ್ಲಿ ಚರ್ಚಾಸ್ಪರ್ಧೆ. ವಿಷಯ: 'ನಾಳಿನ ವಿದ್ಯುತ್ ಎಲ್ಲಿಂದ?' ಅವಳಿಗೆ ಗಾಳಿ ಮತ್ತು ಬಿಸಿಲಿನ ಪರವಾಗಿ ಮಾತನಾಡಲು ಹೇಳಿದ್ದರು. ನನಗೂ ಆ ಪ್ರಶ್ನೆ ಬೇಕಾಗಿತ್ತು. ಅದೇ ದಿನ ತಮ್ಮನ ಮನೆಯಲ್ಲಿ ನನಗಾಗಿ ಒಂದು ಕಾಗದ ಕಾಯುತ್ತಿತ್ತು. ಆ ಕಾಗದದ ಮಾತು ಆಮೇಲೆ ಹೇಳುತ್ತೇನೆ.

ಬ್ಯಾಂಕಿನವನ ಲೆಕ್ಕ

ನನಗೆ ವಿಜ್ಞಾನ ಬಾರದು, ನಾನು ಬಿ.ಕಾಂ. ಓದಿದವನು. ಆದ್ದರಿಂದ ಲೆಜರ್ ಪುಸ್ತಕದ ಭಾಷೆಯಲ್ಲೇ ಅವಳಿಗೆ ಹೇಳಿದೆ.

ಬ್ಯಾಂಕಿನಲ್ಲಿ ಎರಡು ಬಗೆಯ ಖಾತೆ ಇರುತ್ತವೆ. ಒಂದು ಉಳಿತಾಯ ಖಾತೆ, ಇನ್ನೊಂದು ಕರೆಂಟ್ ಖಾತೆ. ಉಳಿತಾಯದಲ್ಲಿ ಇಟ್ಟ ದುಡ್ಡು ಅಲ್ಲಿಯೇ ಕೂಡುತ್ತದೆ. ಕರೆಂಟ್ ಖಾತೆಯಲ್ಲಿ ಬಂದದ್ದು ಬಂದ ಹಾಗೆ ಹೋಗುತ್ತಿರುತ್ತದೆ. ತಮಾಷೆ ಏನೆಂದರೆ, ವಿದ್ಯುತ್ತಿಗೆ ಇರುವುದು ಕರೆಂಟ್ ಖಾತೆ ಮಾತ್ರ! ಅದನ್ನು ಹಗೇವಿನಲ್ಲಿ ಜೋಳ ತುಂಬಿದ ಹಾಗೆ ತುಂಬಿಡಲು ಬರುವುದಿಲ್ಲ. ಈ ಕ್ಷಣ ನಾಡಿನಲ್ಲಿ ಎಷ್ಟು ಗುಂಡಿ ಒತ್ತಿದ್ದಾರೋ ಅಷ್ಟನ್ನು ಇದೇ ಕ್ಷಣದಲ್ಲಿ ಎಲ್ಲೋ ಒಂದು ಕಡೆ ತಯಾರಿಸುತ್ತಿರಬೇಕು. ಜಮಾ ಮತ್ತು ಖರ್ಚು ಪ್ರತಿ ಸೆಕೆಂಡಿಗೂ ತಾಳೆ ಆಗಬೇಕು. ನಾವು ಸಂಜೆ ಒಂದು ರೂಪಾಯಿ ತಾಳೆ ಆಗದಿದ್ದರೆ ರಾತ್ರಿ ಎಂಟರವರೆಗೆ ಕೂರುತ್ತಿದ್ದೆವು. ವಿದ್ಯುತ್ ಜಾಲದವರಿಗೆ ಅಷ್ಟೂ ಪುರುಸೊತ್ತಿಲ್ಲ. ತಾಳೆ ತಪ್ಪಿ 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ದೊಡ್ಡ ಭಾಗ ಕತ್ತಲಾಗಿತ್ತು.

ಹಾಗಾದರೆ ಇಲ್ಲಿ ಗಾಳಿ ನಿಂತಾಗ? ಬೇರೆ ಕಡೆಯಿಂದ ಬರುತ್ತದೆ. ನಮ್ಮ ದಕ್ಷಿಣದ ಜಾಲ ಮೊದಲು ಬೇರೆಯಾಗಿಯೇ ಇತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ತಂತಿಯ ಮೂಲಕ ಅದನ್ನು ಉಳಿದ ದೇಶದ ಜಾಲಕ್ಕೆ ಜೋಡಿಸಿದರು. ಅಂದಿನಿಂದ ಇಡೀ ದೇಶದ್ದು ಒಂದೇ ಜಾಲ. ಬೆಟಗೇರಿಯ ವಿದ್ಯುತ್ ಮಗ್ಗಕ್ಕೆ ಈಗ ಬರುತ್ತಿರುವ ಕರೆಂಟು ಯಾವ ಊರಿನದು ಎಂದು ಕೇಳಿದರೆ, ನೂರು ಹಳ್ಳ ಸೇರಿದ ಹೊಳೆಯಲ್ಲಿ ಒಂದು ಹಳ್ಳದ ನೀರು ಹುಡುಕಿದ ಹಾಗೆ.

ಪುಕ್ಕಟೆ ಬೆಳಕು ಯಾವುದೂ ಇಲ್ಲ

ನಮ್ಮ ಮನೆಗೆ ಕರೆಂಟ್ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಅಲ್ಲಿಯವರೆಗೆ ಚಿಮಣಿ ದೀಪದ ಹೊಗೆಗೆ ಮೂಗು ಕಪ್ಪಾಗುತ್ತಿತ್ತು. ಮೊದಲ ದಿನ ಅವ್ವ ಬಲ್ಬಿಗೆ ಕುಂಕುಮ ಹಚ್ಚಲು ಹೋಗಿ ಕೈ ಸುಟ್ಟುಕೊಂಡಿದ್ದಳು. ಆ ಬೆಳಕು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಬಂತಲ್ಲ, ಸಾಕಾಗಿತ್ತು.

ಕೇಳಿದ್ದರೆ ಉತ್ತರ ನೀರು ಎಂದಿರುತ್ತಿತ್ತು. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ತೆಗೆದ ವಿದ್ಯುತ್ತು ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ಬೆಳಕು ಬಂತು. ಆಮೇಲೆ ಜೋಗ, ಶರಾವತಿ, ಕಾಳಿ. ನೀರಿನ ವಿದ್ಯುತ್ತಿನಲ್ಲಿ ಹೊಗೆ ಇಲ್ಲ, ಬೇಕಾದಾಗ ಬಾಗಿಲು ತೆರೆದು ಬೇಡವಾದಾಗ ಮುಚ್ಚಬಹುದು. ಆದರೆ ಅಣೆಕಟ್ಟು ಊರುಗಳನ್ನು ನುಂಗುತ್ತದೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮಲೆನಾಡಿನ ಎಷ್ಟೋ ಮನೆಗಳು ಮುಳುಗಿದವು. ನಮ್ಮ ಕಡೆಯವರಿಗೆ ಆಲಮಟ್ಟಿ ಗೊತ್ತು. ಹಳೆಯ ಬಾಗಲಕೋಟೆಯ ಓಣಿಗಳು ನೀರಿಗೆ ಹೋದವು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಅಲ್ಲಿಯ ಕ್ಯಾಷಿಯರೊಬ್ಬರು ತಮ್ಮ ಮನೆಯ ಬಾಗಿಲು ಚೌಕಟ್ಟು ಕಿತ್ತು ತಂದು ನವನಗರದ ಮನೆಗೆ ಕೂಡಿಸಿಕೊಂಡಿದ್ದರು.

ಮಳೆ ಕೈಕೊಟ್ಟರೆ ನೀರಿನ ವಿದ್ಯುತ್ತೂ ಕೈಕೊಡುತ್ತದೆ. 2023ರ ಬರಗಾಲ ನೆನಪಿಸಿಕೊಳ್ಳಿ. ಜಲಾಶಯ ಖಾಲಿ, ಬೆಳೆ ಒಣಗುತ್ತಿದೆ ಎಂದು ರೈತರೆಲ್ಲ ಪಂಪ್‌ಸೆಟ್ ಹಚ್ಚಿದರು, ಬೇಡಿಕೆ ಏರಿತು. ಕೊನೆಗೆ ಆ ಅಕ್ಟೋಬರಿನಲ್ಲಿ ಸರ್ಕಾರ ಕಾನೂನಿನ ಕಲಮು ಬಳಸಿ, ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಕೊಡಬೇಕೆಂದು ಆದೇಶ ಹೊರಡಿಸಬೇಕಾಯಿತು. ಮರುವರ್ಷದ ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 17 ಸಾವಿರ ಮೆಗಾವಾಟ್‌ನ ಆಸುಪಾಸಿಗೆ ಹೋಯಿತು.

ಇನ್ನು ಕಲ್ಲಿದ್ದಲು. 1985ರಿಂದ ರಾಯಚೂರಿನ ಶಕ್ತಿನಗರ ನಮ್ಮನ್ನು ಸಾಕಿದೆ. ಮಳೆ ಇರಲಿ ಬಿಡಲಿ, ಹಗಲಿರಲಿ ರಾತ್ರಿಯಿರಲಿ, ಕಲ್ಲಿದ್ದಲು ದುಡಿಯುತ್ತದೆ. ಆದರೆ ಒಂದು ಯೂನಿಟ್‌ಗೆ ಮುಕ್ಕಾಲು ಕಿಲೋ ಹತ್ತಿರ ಕಲ್ಲಿದ್ದಲು ಬೇಕು. ನಮ್ಮ ಮನೆಯಲ್ಲಿ ತಿಂಗಳಿಗೆ 100 ಯೂನಿಟ್ ಉರಿಯುತ್ತದೆ. ಅಂದರೆ ದೊಡ್ಡ ಚೀಲ ತುಂಬುವಷ್ಟು ಕಲ್ಲಿದ್ದಲನ್ನು ನಾನೂ ನನ್ನ ಹೆಂಡತಿಯೂ ಪ್ರತಿ ತಿಂಗಳು ಸುಟ್ಟ ಹಾಗೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲಿ ಒಂದು ಪಾಲು ಬೂದಿ. ಆ ಬೂದಿ ಎಲ್ಲಿಯೋ ಯಾರದೋ ಹೊಲದ ಪಕ್ಕದಲ್ಲಿ ಬೀಳುತ್ತದೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸ್ಥಾವರ ಕಟ್ಟುವಾಗ, 2014ರಲ್ಲಿ, ರೈತರು ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಸ್ಥಾವರ ನಿಂತಿತು, ಅದರ ಕರೆಂಟು ನಮಗೂ ಬರುತ್ತಿದೆ.

ಅಣುವಿದ್ಯುತ್ತಿನ ವಿಷಯದಲ್ಲಿ ನಮ್ಮ ನಾಡಿನ ದೊಡ್ಡವರೇ ಎರಡು ಕಡೆ ನಿಂತರು. ಕಾಳಿ ನದಿಯ ದಂಡೆಯ ಕೈಗಾದಲ್ಲಿ ಅಣುಸ್ಥಾವರ ಬೇಡ ಎಂದು ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ 1989ರ ಲೋಕಸಭೆ ಚುನಾವಣೆಗೇ ನಿಂತರು. ತುಮಕೂರಿನಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣ ಅಣುಶಕ್ತಿಯ ಪರವಾಗಿದ್ದರು. ಇಬ್ಬರ ಮೇಲೂ ನನಗೆ ಗೌರವ. ಬ್ಯಾಂಕಿನ ಊಟದ ವಿರಾಮದಲ್ಲಿ ನಾವು ಈ ವಿಷಯಕ್ಕೆ ಡಬ್ಬಿ ಬಿಚ್ಚುವುದನ್ನೂ ಮರೆತು ವಾದ ಮಾಡಿದ್ದುಂಟು. 2000ದಲ್ಲಿ ಕೈಗಾದ ಮೊದಲ ಘಟಕಗಳು ಶುರುವಾದವು. 2018ರಲ್ಲಿ ಅಲ್ಲಿನ ಒಂದನೇ ಘಟಕ 962 ದಿನ ಎಡೆಬಿಡದೆ ನಡೆದು ದಾಖಲೆ ಮಾಡಿತು. ಸ್ವಲ್ಪ ಇಂಧನ, ದೊಡ್ಡ ಫಲ, ಹೊಗೆ ಇಲ್ಲ. ಆದರೆ ಬಳಸಿದ ಇಂಧನವನ್ನು ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ಕಾಯಬೇಕು.

"ಹಂಗಾರ ಬಿಸಿಲು ಚಲೋ ಅಲ್ಲನು ಅಜ್ಜಾ?" ಎಂದಳು ಮೊಮ್ಮಗಳು. ಚಲೋನೇ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಅಲ್ಲಿ ರೈತರ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಗೇಣಿಗೆ ಪಡೆದರು. ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ. ಭೂಮಿಯ ಒಡೆತನ ರೈತನದೇ. ಬರಗಾಲದ ಊರಿಗೆ ಅದು ಆಸರೆಯಾಯಿತು. ಆದರೆ ಸ್ವಂತ ಭೂಮಿ ಇಲ್ಲದ ಕೂಲಿಯವರಿಗೆ ಗೇಣಿಯೂ ಇಲ್ಲ, ಆ ಹೊಲದ ಕೂಲಿಯೂ ಇಲ್ಲ.

ಬಿಸಿಲಿನ ಇನ್ನೊಂದು ದೊಡ್ಡ ಉಪಕಾರ ನಮ್ಮ ರೈತರಿಗೆ ಗೊತ್ತು. ನನ್ನ ತಮ್ಮ ಎಷ್ಟೋ ವರ್ಷ ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟ್ ಬಂತೆಂದು ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಿದ್ದಾನೆ. ಹಾವು, ಚೇಳು, ಕಾಲು ಜಾರುವ ಬದು. ಸೌರ ವಿದ್ಯುತ್ತು ಹಗಲೇ ಹುಟ್ಟುವುದರಿಂದ ಹಗಲೇ ನೀರು ಹಾಯಿಸಲು ಅನುಕೂಲ. ತೊಂದರೆ ಬರುವುದು ಸಂಜೆಗೆ. ಸೂರ್ಯ ಮುಳುಗುವ ಹೊತ್ತಿಗೇ ನಾವೆಲ್ಲ ಲೈಟು, ಟಿವಿ, ಫ್ಯಾನು ಹಾಕುತ್ತೇವೆ. ಅದಕ್ಕಾಗಿಯೇ ಈಗ ದೊಡ್ಡ ಬ್ಯಾಟರಿಗಳ ಮಾತು ನಡೆದಿದೆ. ಹಗಲು ಹೆಚ್ಚಾದ ಕರೆಂಟಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಏರಿಸಿ, ಸಂಜೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ ಯೋಜನೆಗಳೂ ಇವೆ. ವಿದ್ಯುತ್ತಿಗೆ ಉಳಿತಾಯ ಖಾತೆ ತೆರೆಯುವ ಪ್ರಯತ್ನ ಇದು. ಆದರೆ ಶರಾವತಿ ಕಣಿವೆಯಲ್ಲಿ ಇಂಥ ಯೋಜನೆ ಎಂದೊಡನೆ, ಸಿಂಗಳೀಕಗಳಿರುವ ಆ ಕಾಡನ್ನು ಕಡಿಯಬೇಡಿ ಎಂದು ಜನ ಎದ್ದು ನಿಂತರು. ಖಾತೆ ತೆರೆಯುವುದಕ್ಕೂ ಶುಲ್ಕವಿದೆ.

ಆಷಾಢದ ಗಾಳಿ

ಕೊನೆಗೆ ಗಾಳಿ. ಇದು ನಮ್ಮದೇ ಬೆಳೆ. ಡೋಣಿ, ಡಂಬಳದ ಕಡೆ ಹೋದರೆ ಕಪ್ಪತಗುಡ್ಡದ ನೆತ್ತಿಯ ಮೇಲೆ ಸಾಲಾಗಿ ಫ್ಯಾನು. ಗಜೇಂದ್ರಗಡದ ಗುಡ್ಡದ ಮೇಲೂ ಅಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನಮ್ಮ ಆಷಾಢ ಶ್ರಾವಣದಲ್ಲಿ, ಗಾಳಿ ಜೋರು. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಆದ್ದರಿಂದಲೇ ಕಂಪನಿಯವರು ಗಾಳಿ ಇರುವ ದಿನ್ನೆಯನ್ನೇ ಹುಡುಕಿಕೊಂಡು ಬರುತ್ತಾರೆ.

ಮೊಮ್ಮಗಳ ಕೈಯಲ್ಲಿ ಲೆಕ್ಕ ಮಾಡಿಸಿದೆ. 2 ಮೆಗಾವಾಟ್‌ನ ಯಂತ್ರ ಪೂರ್ತಿ ವೇಗದಲ್ಲಿ ಒಂದು ಗಂಟೆ ತಿರುಗಿದರೆ 2,000 ಯೂನಿಟ್. ಆದರೆ ಗಾಳಿ ಯಾವಾಗಲೂ ಇರುವುದಿಲ್ಲ. ಸರಾಸರಿ ನಾಲ್ಕರಲ್ಲಿ ಒಂದು ಪಾಲು ಎಂದು ಹಿಡಿದರೂ ದಿನಕ್ಕೆ 12,000 ಯೂನಿಟ್. ದಿನಕ್ಕೆ 3 ಯೂನಿಟ್ ಬಳಸುವ ಮನೆಗಳಾದರೆ 4,000 ಮನೆಗಳಿಗೆ ಆಗುತ್ತದೆ. "ಅಯ್ಯ, ಒಂದ ಫ್ಯಾನಿಗೆ ಅಷ್ಟು ಮನಿನಾ!" ಎಂದು ಅವಳು ಬಾಯಿ ತೆರೆದಳು. ಸರಾಸರಿ ಅಷ್ಟೇ, ಈಗ ನೋಡು, ನಿಂತಿದೆಯಲ್ಲ ಎಂದೆ.

ಊರ ಕಟ್ಟೆಯ ಮೇಲೆ ಇನ್ನೊಂದು ಮಾತು ಇದೆ: ಫ್ಯಾನು ತಿರುಗಿ ಮೋಡ ಓಡಿಸುತ್ತವೆ, ಅದಕ್ಕೇ ಮಳೆ ಇಲ್ಲ ಎಂದು. ಮಕ್ಕಳೇ, ಮನೆಯ ಫ್ಯಾನು ಕರೆಂಟಿನಿಂದ ಗಾಳಿ ಮಾಡುತ್ತದೆ. ಗುಡ್ಡದ ಫ್ಯಾನು ಅದರ ಉಲ್ಟಾ, ಗಾಳಿಯಿಂದ ಕರೆಂಟ್ ಮಾಡುತ್ತದೆ. ಅದು ಗಾಳಿಯನ್ನು ತಳ್ಳುವುದಿಲ್ಲ, ಗಾಳಿಯೇ ಅದನ್ನು ತಳ್ಳುತ್ತದೆ. ಮಳೆ ಮೋಡಗಳು ಅದರ ರೆಕ್ಕೆಗಿಂತ ಬಹಳ ಎತ್ತರಕ್ಕೆ ಬೆಳೆದಿರುತ್ತವೆ. ಫ್ಯಾನನ್ನು ಬೈಯಬೇಕೆಂದರೆ ಬೇರೆ ಕಾರಣಗಳಿವೆ, ಈ ಕಾರಣ ಬೇಡ.

ಆ ಬೇರೆ ಕಾರಣಗಳಲ್ಲಿ ಒಂದು ಹಕ್ಕಿ. ರೆಕ್ಕೆಗೆ ಬಡಿದು ಸಾಯುವುದುಂಟು, ಕರೆಂಟಿನ ತಂತಿಗೆ ಬಡಿದು ಸಾಯುವುದೂ ಉಂಟು. ಭಾರವಾದ ಹಕ್ಕಿ ಹಾರುತ್ತಿರುವಾಗ ತಂತಿ ಕಂಡರೂ ಥಟ್ಟನೆ ತಿರುಗಲಾರದು. ರಾಜಸ್ಥಾನ, ಗುಜರಾತಿನಲ್ಲಿ ಹೆಬ್ಬಕ ಹಕ್ಕಿ ಹೀಗೆ ಸಾಯುತ್ತಿದೆ ಎಂಬ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ತಂತಿಗಳನ್ನು ನೆಲದೊಳಗೆ ಹಾಕಿ ಎಂದು 2021ರಲ್ಲಿ ಕೋರ್ಟ್ ಹೇಳಿತು. ಎಲ್ಲ ಕಡೆ ಅದು ಸಾಧ್ಯವೇ ಎಂಬ ವಾದ ಬಂದು, 2024ರಲ್ಲಿ ಪರಿಣತರ ಸಮಿತಿ ನೋಡಲಿ ಎಂದಿತು. ನಮ್ಮ ಹೆಬ್ಬಾತು ರಾತ್ರಿ ಹೊಲಕ್ಕೆ, ಬೆಳಗ್ಗೆ ಕೆರೆಗೆ, ಮಬ್ಬುಗತ್ತಲಲ್ಲೇ ಓಡಾಡುತ್ತದೆ. ಅದರ ದಾರಿಯಲ್ಲಿ ತಂತಿ ಎಳೆದರೆ ಏನಾದೀತು ಎಂದು ಯೋಚಿಸಬೇಕಲ್ಲವೇ?

ತಮ್ಮನ ಮನೆಯ ಕಾಗದ

ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಉಂಡ ಮೇಲೆ ತಮ್ಮ ಕಾಗದ ತಂದು ಮುಂದಿಟ್ಟ. ಗಾಳಿ ಕಂಪನಿಯೊಂದರ ಏಜೆಂಟರು ಕೊಟ್ಟ ಕರಾರಿನ ಕರಡು. ನಮ್ಮ ಮಡ್ಡಿ ಹೊಲದಲ್ಲಿ ಎರಡು ಎಕರೆ ಖರೀದಿಗೆ ಕೇಳಿದ್ದರು. ಉತಾರದಲ್ಲಿ ಇಬ್ಬರ ಹೆಸರೂ ಇದೆ.

"ಅಣ್ಣಾ, ನೀ ಒಂದು ಸಹಿ ಹಾಕಿದ್ರ ಸಾಲ ತೀರತೈತಿ. ಮಡ್ಡಿ ಹೊಲದಾಗ ಏನು ಬೆಳಿತೈತಿ ಹೇಳು?"

ನಾನು ಮಾತನಾಡಲಿಲ್ಲ. ಆ ಸಾಲದಲ್ಲಿ ನನ್ನ ಪಾಲಿದೆ. ಎರಡು ಬೋರು ಬತ್ತಿದಾಗ, ಮೂರನೆಯದನ್ನು ಹಾಕಿಸು, ನೀರು ಬಿದ್ದರೆ ಮೆಣಸಿನಕಾಯಿಯಲ್ಲಿ ಸಾಲ ತೀರುತ್ತದೆ ಎಂದು ಲೆಕ್ಕ ಹಾಕಿ ಕೊಟ್ಟವನು ನಾನೇ. ಜೀವನವಿಡೀ ಬೇರೆಯವರ ಸಾಲದ ಅರ್ಜಿ ತಿದ್ದಿದವನ ಲೆಕ್ಕ ಮನೆಯಲ್ಲೇ ತಪ್ಪಿತು. ಮೂರನೇ ಬೋರಿನಲ್ಲಿ ಬಂದದ್ದು ಧೂಳು. ತಮ್ಮ ಅದನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ಹಾಗಾಗಿ 'ಹಕ್ಕಿಗೆ ತೊಂದರೆ, ಕೊಡುವುದು ಬೇಡ' ಎಂದು ಪಿಂಚಣಿ ತಿನ್ನುವ ನಾನು ಸುಲಭವಾಗಿ ಹೇಳುವಂತಿರಲಿಲ್ಲ. ನೋಡದೆ ಸಹಿ ಹಾಕಲೂ ಕೈ ಬರಲಿಲ್ಲ.

ಮೊಮ್ಮಗಳು ಕಾಗದ ಇಣುಕಿ ಓದುತ್ತಿದ್ದವಳು ಕೇಳಿದಳು: "ಕಾಕಾ ಅಜ್ಜಾ, ಫ್ಯಾನ್ ಹಳೇದಾದ ಮ್ಯಾಲೆ ಯಾರು ಕೀಳತಾರ?"

ತಮ್ಮನೂ ನಾನೂ ಮುಖ ಮುಖ ನೋಡಿಕೊಂಡೆವು. ಇಂಥ ಯಂತ್ರದ ಆಯುಷ್ಯ 20ರಿಂದ 25 ವರ್ಷ. ಆಮೇಲೆ? ಕರಡಿನಲ್ಲಿ ಅದರ ಮಾತೇ ಇರಲಿಲ್ಲ. ಅಲ್ಲಿಂದ ನಾವು ಮೂವರೂ ಕೂತು, ಅವಳ ಚರ್ಚಾಸ್ಪರ್ಧೆಯ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಪ್ರಶ್ನೆ ಬರೆದೆವು. ಮಾರುವ ಬದಲು ಪಾವಗಡದ ಹಾಗೆ ಗೇಣಿಗೆ ಆಗುತ್ತದೆಯೇ? ಗೇಣಿ ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ? ದೊಡ್ಡ ಲಾರಿ ಬರುವ ದಾರಿ ಯಾರ ಹೊಲದಲ್ಲಿ? ತಂತಿ ಕೆರೆಯ ಕಡೆಯಿಂದ ಹೋಗುತ್ತದೋ, ಆಚೆ ಕಡೆಯಿಂದಲೋ? ನೆಲದೊಳಗೆ ಹಾಕುತ್ತಾರೋ, ಕಂಬದ ಮೇಲಾದರೆ ಹಕ್ಕಿಗೆ ಕಾಣುವಂತೆ ಬಿಲ್ಲೆ ಕಟ್ಟುತ್ತಾರೋ? ಕೊನೆಗೆ ಕಿತ್ತು ನೆಲ ಸರಿ ಮಾಡುವವರು ಯಾರು?

ಮರುವಾರ ಏಜೆಂಟರು ಬಂದರು. ತಮ್ಮ ಒಂದೊಂದೇ ಓದಿದ. ಮೊದಲ ಮೂರಕ್ಕೆ ಅವರು ಉತ್ತರ ಕೊಟ್ಟರು, ಗೇಣಿಯೂ ಆಗಬಹುದು ಎಂದರು. ತಂತಿಯ ಪ್ರಶ್ನೆಗೂ ಕೀಳುವ ಪ್ರಶ್ನೆಗೂ "ಮ್ಯಾಲಿನವರನ್ನ ಕೇಳಿ ಹೇಳತೀನ್ರಿ" ಎಂದು ಹೋದರು. ಇನ್ನೂ ಬಂದಿಲ್ಲ. ಸಹಿ ಇನ್ನೂ ಹಾಕಿಲ್ಲ. ಬರವಣಿಗೆಯಲ್ಲಿ ಸರಿಯಾದ ಉತ್ತರ ತಂದರೆ ಹಾಕುತ್ತೇವೆ. ತರದಿದ್ದರೆ ಸಾಲಕ್ಕೆ ನನ್ನ ಠೇವಣಿಯಿಂದ ಒಂದಿಷ್ಟು ಕೊಡುವುದೆಂದು ನಾನೂ ನನ್ನ ಹೆಂಡತಿಯೂ ಮಾತಾಡಿಕೊಂಡಿದ್ದೇವೆ. ತಪ್ಪಿದ ಲೆಕ್ಕಕ್ಕೆ ನಾನೂ ಬಾಧ್ಯಸ್ಥನೇ.

ಮೀಟರ್ ನೋಡಿ ಬನ್ನಿ

ಚರ್ಚಾಸ್ಪರ್ಧೆಯಲ್ಲಿ ಮೊಮ್ಮಗಳಿಗೆ ಎರಡನೇ ಬಹುಮಾನ ಬಂತು. ಗಾಳಿ, ಬಿಸಿಲಿನ ಪರವಾಗಿಯೇ ಮಾತಾಡಿದಳಂತೆ. ಆದರೆ ಕೊನೆಯಲ್ಲಿ, 'ಗಾಳಿ ಬೇಕು, ಆದರೆ ಎಲ್ಲಿ ನಿಲ್ಲಿಸುತ್ತೀರಿ ಎಂದು ನಮ್ಮನ್ನೂ ಹೆಬ್ಬಾತನ್ನೂ ಕೇಳಿ ನಿಲ್ಲಿಸಿ' ಎಂದಳಂತೆ. ಪರವೋ ವಿರೋಧವೋ ಸ್ಪಷ್ಟವಾಗಲಿಲ್ಲ ಎಂದು ಒಂದನೇ ಬಹುಮಾನ ತಪ್ಪಿತು! ನನಗೇನೂ ಬೇಸರವಿಲ್ಲ. ನನಗೂ ಎಪ್ಪತ್ತು ದಾಟಿದೆ, ಇನ್ನೂ ಸ್ಪಷ್ಟವಾಗಿಲ್ಲ. ಒಂದೇ ಮೂಲವನ್ನು ನಂಬಿದರೆ, ಒಂದೇ ಬೆಳೆ ನಂಬಿದ ರೈತನ ಪಾಡಾಗುತ್ತದೆ ಎಂಬುದಷ್ಟೇ ನನಗೆ ತಿಳಿದದ್ದು. ಜೋಳದ ಹೊಲದಲ್ಲಿ ಅಕ್ಕಡಿ ಸಾಲು ಬಿಡುವ ಹಾಗೆ ಎಲ್ಲವೂ ಒಂದಿಷ್ಟು ಬೇಕಾದೀತು. ಯಾವುದರ ಖರ್ಚನ್ನು ಯಾರು ಹೊರುತ್ತಾರೆ ಎಂಬ ಕಲಮನ್ನು ಮಾತ್ರ ಯಾರೂ ಅಳಿಸಬಾರದು.

ಮಕ್ಕಳೇ, ಈ ವಾರ ಅಜ್ಜ ಅಥವಾ ಅಜ್ಜಿಯ ಜೊತೆ ಒಂದು ಕೆಲಸ ಮಾಡಿ. ಭಾನುವಾರ ಬೆಳಗ್ಗೆ ಮನೆಯ ಮೀಟರ್ ಅಂಕಿ ಬರೆದಿಡಿ, ಮುಂದಿನ ಭಾನುವಾರ ಮತ್ತೆ ನೋಡಿ, ಕಳೆಯಿರಿ. 1,000 ವಾಟ್‌ನ ಇಸ್ತ್ರಿ ಪೆಟ್ಟಿಗೆ ಒಂದು ಗಂಟೆ ನಡೆದರೆ ಒಂದು ಯೂನಿಟ್. 9 ವಾಟ್‌ನ ಎಲ್‌ಇಡಿ ಬಲ್ಬು ಒಂದು ಯೂನಿಟ್‌ನಲ್ಲಿ 111 ಗಂಟೆ ಉರಿಯುತ್ತದೆ. 5 ಎಚ್‌ಪಿ ಪಂಪ್‌ಸೆಟ್ ಆರು ಗಂಟೆ ನಡೆದರೆ 22 ಯೂನಿಟ್. 2023ರಿಂದ ಗೃಹಜ್ಯೋತಿ ಬಂದ ಮೇಲೆ ಅನೇಕರ ಮನೆಗೆ ಶೂನ್ಯ ಬಿಲ್ಲು ಬರುತ್ತಿದೆ, ಪಂಪ್‌ಸೆಟ್ಟಿಗೂ ಉಚಿತ. ಬಡವರಿಗೆ ಅದು ಆಸರೆ, ನಾನು ಬೇಡ ಎನ್ನುವುದಿಲ್ಲ. ಆದರೆ ಬಿಲ್ಲು ಶೂನ್ಯವಾದರೂ ಮೀಟರ್ ಶೂನ್ಯವಾಗುವುದಿಲ್ಲ. ಅದರಲ್ಲಿ ಓಡುವ ಪ್ರತಿ ಅಂಕಿಗೂ ಎಲ್ಲೋ ಒಂದು ಕಡೆ ನೀರು ಬಿದ್ದಿದೆ, ಕಲ್ಲಿದ್ದಲು ಉರಿದಿದೆ, ರೆಕ್ಕೆ ತಿರುಗಿದೆ.

ನಮ್ಮ ಮನೆಯಲ್ಲಿ ಕಳೆದ ವಾರ 24 ಯೂನಿಟ್ ಆಗಿತ್ತು, ಈ ವಾರ 21. ಹಿತ್ತಲ ಲೈಟನ್ನು ಬೆಳಗಿನವರೆಗೆ ಬಿಡುತ್ತಿದ್ದವನು ನಾನೇ ಎಂದು ಮೊಮ್ಮಗಳು ಪತ್ತೆ ಹಚ್ಚಿದ್ದಾಳೆ. ದಿನವೂ ಮಲಗುವ ಮುಂಚೆ ನನಗೆ ಅವಳ ತಪಾಸಣೆ.

ಮಾರ್ಚಿನಲ್ಲಿ ಹೆಬ್ಬಾತುಗಳು ಹೊರಡುವ ಮುನ್ನ ಇನ್ನೊಮ್ಮೆ ಮಾಗಡಿಗೆ ಹೋಗಬೇಕು. ಅಷ್ಟರಲ್ಲಿ ಏಜೆಂಟರು ಉತ್ತರ ತಂದರೂ ತರಬಹುದು.